ವಾಗ್ಮಿ ಡೆಮಾಸ್ತನೀಸ್

ಶಾಲೆಗಳಲ್ಲಿ ಭಾಷಣ ಸ್ಪರ್ಧೆಯ ದಿನ ಸಮೀಪಿಸಿತೆಂದರೆ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುವ ಕಥೆಯೊಂದುಂಟು. ಗ್ರೀಸ್ ದೇಶದಲ್ಲಿ ಡೆಮಾಸ್ತನೀಸನೆಂಬ ತೊದಲು ನಾಲಗೆಯ ಬಾಲಕನಿದ್ದನು; ಅವನು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು, ಸಮುದ್ರದ ಅಲೆಗಳೆದುರು ನಿಂತು ಮಾತನಾಡಿ ಮಾತನಾಡಿ, ಕೊನೆಗೆ ಲೋಕವೇ ಮೆಚ್ಚುವ ವಾಗ್ಮಿಯಾದನು ಎಂಬುದೇ ಆ ಕಥೆ. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಕಥೆ ಅಲ್ಲಿಗೇ ಮುಗಿದುಬಿಡುವುದರಿಂದ ಮಕ್ಕಳ ನೆನಪಿನಲ್ಲಿ ಕಲ್ಲುಗಳು ಮಾತ್ರ ಉಳಿಯುತ್ತವೆ. ಆ ಬಾಲಕನಿಗೆ ಮಾತು ಏತಕ್ಕಾಗಿ ಬೇಕಾಗಿತ್ತು, ಮಾತು ಬಾರದೆ ಹೋಗಿದ್ದರೆ ಅವನು ಕಳೆದುಕೊಳ್ಳುವುದು ಏನಿತ್ತು, ಬಂದ ಮಾತಿಗಾಗಿ ಅವನು ಕಡೆಗೆ ತೆತ್ತ ಬೆಲೆ ಯಾವುದು ಎಂಬುದನ್ನು ತಿಳಿಯದೆ ಆ ಕಲ್ಲುಗಳ ಭಾರ ತಿಳಿಯುವುದಿಲ್ಲ.

ಡೆಮಾಸ್ತನೀಸನು ಕ್ರಿ. ಪೂ. 384ರ ಸುಮಾರಿನಲ್ಲಿ ಅಥೆನ್ಸ್ ನಗರರಾಜ್ಯದಲ್ಲಿ ಜನಿಸಿದನು. ತಂದೆಯ ಹೆಸರೂ ಡೆಮಾಸ್ತನೀಸನೆಂದೇ. ಆತನು ಸ್ಥಿತಿವಂತನಾಗಿದ್ದನು. ಚೂರಿ, ಖಡ್ಗಗಳನ್ನು ಸಿದ್ಧಪಡಿಸುವ ಕಾರ್ಖಾನೆಯೊಂದು ಆತನಿಗಿತ್ತು. ಅದರಲ್ಲಿ ಮೂವತ್ತಕ್ಕೂ ಮಿಗಿಲಾದ ದಾಸರು ದುಡಿಯುತ್ತಿದ್ದರು. ಮಂಚಗಳನ್ನು ಮಾಡುವ ಇನ್ನೊಂದು ಕಾರ್ಖಾನೆಯಲ್ಲಿ 20 ಮಂದಿ ದಾಸರಿದ್ದರು. ಮುಂದೆ ಸ್ವಾತಂತ್ರ್ಯವನ್ನು ಕುರಿತು ಅಷ್ಟೊಂದು ಮಾತನಾಡಿದವನ ಮನೆಯ ಅನ್ನವು ದಾಸರ ಬೆವರಿನಿಂದ ಬಂದದ್ದೆಂಬುದನ್ನು ನಾವು ಮರೆಯಬೇಕಾಗಿಲ್ಲ; ಅಂದಿನ ಅಥೆನ್ಸ್ ಅಂಥದು. ಬಾಲಕನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ಬಿಟ್ಟುಹೋದ ಆಸ್ತಿಯ ಬೆಲೆ ಸುಮಾರು 14 ಟ್ಯಾಲೆಂಟುಗಳು. ಒಂದು ಟ್ಯಾಲೆಂಟಿಗೆ 6,000 ಡ್ರಾಕ್ಮಗಳು. ನುರಿತ ಕೆಲಸಗಾರನ ದಿನಗೂಲಿ ಒಂದು ಡ್ರಾಕ್ಮ ಅಥವಾ ಅದಕ್ಕಿಂತ ತುಸು ಹೆಚ್ಚು. ಹೀಗೆ ಲೆಕ್ಕ ಹಾಕಿದರೆ ಅದು ಎಂತಹ ಸಂಪತ್ತೆಂಬುದು ಮನದಟ್ಟಾಗುತ್ತದೆ.

ಮರಣಶಯ್ಯೆಯಲ್ಲಿದ್ದ ತಂದೆ ತನ್ನ ಬುದ್ಧಿಗೆ ತೋಚಿದ ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದನು. ಆಫೋಬಸ್, ಡೆಮೋಫಾನ್ ಎಂಬ ಇಬ್ಬರು ಸೋದರ ಸಂಬಂಧಿಗಳನ್ನೂ ಥೆರಿಪ್ಪಿಡೀಸನೆಂಬ ಬಾಲ್ಯಸ್ನೇಹಿತನನ್ನೂ ಆಸ್ತಿಗೆ ಪಾಲಕರನ್ನಾಗಿ ನೇಮಿಸಿದನು. ಆಫೋಬಸನು ತನ್ನ ಪತ್ನಿ ಕ್ಲಿಯೊಬೂಲೆಯನ್ನು ವಿವಾಹವಾಗಬೇಕು, ಡೆಮೋಫಾನನು ಮುಂದೆ ಮಗಳನ್ನು ವರಿಸಬೇಕು ಎಂದು ಗೊತ್ತುಪಡಿಸಿ ಅದಕ್ಕಾಗಿ ವರದಕ್ಷಿಣೆಯ ಹಣವನ್ನೂ ಎತ್ತಿಟ್ಟನು. ಪಾಲಕರು ಹಣವನ್ನು ಒಡನೆಯೇ ತೆಗೆದುಕೊಂಡರು. ಕರ್ತವ್ಯವನ್ನು ಮಾತ್ರ ಮರೆತರು. ಆಫೋಬಸನು ಮನೆಯಲ್ಲಿ ಬಂದು ನೆಲೆಸಿದನೇ ಹೊರತು ವಿಧವೆಯ ಕೈಹಿಡಿಯಲಿಲ್ಲ. ವರ್ಷ ಕಳೆದಂತೆ ಕಾರ್ಖಾನೆಯ ಆದಾಯ ಕರಗಿತು, ದಾಸರು ಮಾರಾಟವಾದರು. ಬಾಲಕನಿಗೆ ಪಾಠ ಹೇಳಿದ ಉಪಾಧ್ಯಾಯರ ಸಂಬಳವನ್ನು ಸಹ ಅವರು ಸಲ್ಲಿಸಲಿಲ್ಲ. ಅನಾಥ ಬಾಲಕನ ಆಸ್ತಿಯನ್ನು ತಿಂದವರ ಕಥೆ ಎಲ್ಲ ದೇಶಗಳಲ್ಲಿಯೂ ಇದೆ. ಗುರುದಕ್ಷಿಣೆಯನ್ನೂ ತಿಂದವರು ಅಪರೂಪ.

ಹುಡುಗನು ದೇಹದಲ್ಲಿ ಕೃಶನು. ಓರಗೆಯ ಬಾಲಕರು ಗರಡಿಮನೆಗಳಲ್ಲಿ ಮೈ ಪಳಗಿಸುತ್ತಿದ್ದಾಗ ತಾಯಿ ಇವನನ್ನು ಹೊರಗೆ ಕಳುಹಿಸುತ್ತಿರಲಿಲ್ಲ. ಹುಡುಗರು ಅವನಿಗೆ ಬಟಾಲಸ್ ಎಂಬ ಅಡ್ಡಹೆಸರಿಟ್ಟು ಹಂಗಿಸುತ್ತಿದ್ದರು. ಉಸಿರು ಗಿಡ್ಡ, ಧ್ವನಿ ಕ್ಷೀಣ, ಉಚ್ಚಾರ ಅಸ್ಪಷ್ಟ. ರೇಫವನ್ನು ಅವನು ಉಚ್ಚರಿಸಲಾರದವನಾಗಿದ್ದನೆಂದು ರೋಮಿನ ಮಹಾವಾಗ್ಮಿ ಸಿಸೆರೊ ತಿಳಿಸುತ್ತಾನೆ. ಗ್ರೀಕರು ವಾಗ್ವಿದ್ಯೆಗೆ ಇಟ್ಟ ಹೆಸರು ರೇಫದಿಂದಲೇ ಪ್ರಾರಂಭವಾಗುತ್ತದೆ. ತಾನು ಕಲಿಯಬೇಕಾದ ವಿದ್ಯೆಯ ಮೊದಲ ಅಕ್ಷರವೇ ನಾಲಗೆಗೆ ಎಟುಕದ ವಿದ್ಯಾರ್ಥಿ ಅವನು! ನಮ್ಮ ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರ ಆರು ಬಗೆಗಳನ್ನು ಎಣಿಸಿದ್ದಾರೆ. ಅವರಲ್ಲಿ ಅಲ್ಪಕಂಠನೂ ಒಬ್ಬನು. ನಮ್ಮ ಶಿಕ್ಷಾಕಾರರ ಮುಂದೆ ನಿಂತಿದ್ದರೆ ಈ ಬಾಲಕನು ಮೊದಲ ದಿನವೇ ಆ ಗುಂಪಿಗೆ ಸೇರಬೇಕಾಗಿತ್ತು.

ಇಂಥವನಿಗೆ ವಾಗ್ಮಿಯಾಗಬೇಕೆಂಬ ಹಂಬಲ ಹುಟ್ಟಿದ ಸಂದರ್ಭವನ್ನು ಪ್ಲೂಟಾರ್ಕನು ವರ್ಣಿಸಿದ್ದಾನೆ. ಪ್ಲೂಟಾರ್ಕನು ಇವನಿಗಿಂತ ಸುಮಾರು 400 ವರ್ಷ ಈಚಿನವನೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆದರೂ ಆತನು ಪ್ರಾಚೀನ ಬರಹಗಳನ್ನು ಮುಂದಿಟ್ಟುಕೊಂಡು ಬರೆದವನು. ಓರೋಪಸ್ ಎಂಬ ಗಡಿಯೂರಿನ ವಿಷಯದಲ್ಲಿ ಕಲಿಸ್ಟ್ರಾಟಸನೆಂಬ ರಾಜಕಾರಣಿಯ ವಿಚಾರಣೆ ನ್ಯಾಯಸಭೆಯಲ್ಲಿ ನಡೆಯುವುದಿತ್ತು. ಉಪಾಧ್ಯಾಯರೆಲ್ಲ ಅದನ್ನು ನೋಡಲು ಹೊರಟಿದ್ದನ್ನು ಕಂಡ ಬಾಲಕನು ತನ್ನ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಸೇವಕನನ್ನು ಕಾಡಿ ಬೇಡಿ ಒಪ್ಪಿಸಿದನು. ಆ ಸೇವಕನಿಗೆ ದ್ವಾರಪಾಲಕರ ಪರಿಚಯವಿದ್ದುದರಿಂದ, ಯಾರ ಕಣ್ಣಿಗೂ ಬೀಳದಂತೆ ಕುಳಿತು ಕೇಳುವಷ್ಟು ಜಾಗ ದೊರೆಯಿತು. ಕಲಿಸ್ಟ್ರಾಟಸನು ಮಾತನಾಡಿ ಗೆದ್ದನು. ಜನರು ಅವನನ್ನು ಕೊಂಡಾಡುತ್ತ ಮನೆಯವರೆಗೆ ಕರೆದೊಯ್ದರು. ಆ ಕೀರ್ತಿಯನ್ನು ಕಂಡು ಬಾಲಕನು ಬೆರಗಾದನು. ಆದರೆ ಅದಕ್ಕಿಂತಲೂ ಮಿಗಿಲಾಗಿ, ಎದುರು ನಿಂತವರನ್ನೆಲ್ಲ ಒಲಿಸಿಕೊಳ್ಳುವ ಆ ಮಾತಿನ ಬಲವನ್ನು ಕಂಡು ಬೆರಗಾದನೆಂದು ಪ್ಲೂಟಾರ್ಕನ ಮಾತು. ಅಂದಿನಿಂದ ಇತರ ಪಾಠಗಳನ್ನೂ ಆಟಗಳನ್ನೂ ತೊರೆದು ಮಾತನ್ನೇ ಅಭ್ಯಾಸ ಮಾಡತೊಡಗಿದನು.

ಕೀರ್ತಿಯ ಹಂಬಲವೊಂದೇ ಆಗಿದ್ದರೆ ಅದು ನಾಲ್ಕು ದಿನದಲ್ಲಿ ಇಳಿದುಹೋಗುತ್ತಿತ್ತೇನೋ. ಆದರೆ ಇವನಿಗೆ ಬೇರೆ ದಾರಿಯಿರಲಿಲ್ಲ. ಅಥೆನ್ಸಿನ ನ್ಯಾಯಸಭೆಯಲ್ಲಿ ವಾದಿಯ ಪರವಾಗಿ ವಕೀಲನು ವಾದಿಸುವ ಪದ್ಧತಿ ಇರಲಿಲ್ಲ. ಹಣ ಕೊಟ್ಟು ಬಲ್ಲವರಿಂದ ಭಾಷಣವನ್ನು ಬರೆಯಿಸಿಕೊಳ್ಳಬಹುದಾಗಿತ್ತು. ಆದರೆ ನೂರಾರು ಮಂದಿ ಪಂಚರ ಮುಂದೆ ನಿಂತು ಅದನ್ನು ನುಡಿಯಬೇಕಾದವನು ವಾದಿಯೇ. ಅದಕ್ಕೂ ಮಿತಿಯುಂಟು. ಮಡಕೆಯೊಂದರಿಂದ ನೀರು ತೊಟ್ಟಿಕ್ಕಿ ಬರಿದಾಗುವುದರೊಳಗೆ ಮಾತು ಮುಗಿಯಬೇಕು. ಹೀಗಾಗಿ ಪಾಲಕರಿಂದ ಆಸ್ತಿಯನ್ನು ಬಿಡಿಸಿಕೊಳ್ಳಬೇಕಾದರೆ ತೊದಲುವ ಈ ಹುಡುಗನೇ ಎದ್ದು ನಿಲ್ಲಬೇಕಾಗಿತ್ತು. ನಾಲಗೆ ತಡವರಿಸಿದರೆ ತಾಯಿ ತಂಗಿಯರ ಬಾಳು ನೀರಿನೊಡನೆ ಸೋರಿಹೋಗುತ್ತಿತ್ತು.

18ನೆಯ ವಯಸ್ಸಿನಲ್ಲಿ ಅವನು ಪ್ರೌಢನೆಂದು ಪರಿಗಣಿತನಾದಾಗ ಪಾಲಕರು ಅವನ ಕೈಗೆ ಒಪ್ಪಿಸಿದ್ದು ಒಂದು ಮನೆ, 14 ಮಂದಿ ದಾಸರು, 30 ಮಿನಾ ಬೆಳ್ಳಿಯ ಹಣ. ಒಟ್ಟು ಬೆಲೆ 70 ಮಿನಾ. ಅರವತ್ತು ಮಿನಾಗಳಿಗೆ ಒಂದು ಟ್ಯಾಲೆಂಟು. ಹದಿನಾಲ್ಕು ಟ್ಯಾಲೆಂಟಿನಲ್ಲಿ ಉಳಿದದ್ದು ಒಂದು ಟ್ಯಾಲೆಂಟಿಗಿಂತ ತುಸು ಹೆಚ್ಚು! ಆಗ ಅಥೆನ್ಸಿನಲ್ಲಿ ವಾಗ್ವಿದ್ಯೆಗೆ ಹೆಸರಾದ ಗುರು ಐಸಾಕ್ರಟೀಸನು. ಆದರೆ ಅವನು ಬೇಡುತ್ತಿದ್ದ ಹತ್ತು ಮಿನಾ ಶುಲ್ಕವನ್ನು ತೆರಲು ಇವನಿಗೆ ಶಕ್ತಿ ಸಾಲಲಿಲ್ಲವೆಂದು ಕೆಲವರು ಹೇಳುತ್ತಾರೆ. ಐಸೀಯಸ್ ಎಂಬ ಮತ್ತೊಬ್ಬ ಗುರುವನ್ನು ಆಶ್ರಯಿಸಿದನು. ಐಸೀಯಸನು ದಾಯಭಾಗದ ವ್ಯಾಜ್ಯಗಳಲ್ಲಿ ನಿಷ್ಣಾತ. ಸಭೆಯನ್ನು ರಂಜಿಸುವ ಅಲಂಕಾರಗಳಿಗಿಂತ ಸಾಕ್ಷಿಯನ್ನು ಒಂದರ ಮೇಲೊಂದು ಪೇರಿಸುವುದು, ಲೆಕ್ಕವನ್ನು ಎದುರಾಳಿಯ ಬಾಯಿಂದಲೇ ಹೊರಡಿಸುವುದು ಅವನ ಮಾರ್ಗ. ಬಡತನದಿಂದ ದೊರೆತ ಗುರುವೇ ಇವನ ಕಾರ್ಯಕ್ಕೆ ತಕ್ಕ ಗುರುವಾದನೆಂದು ನನಗೆ ತೋರುತ್ತದೆ.

ವ್ಯಾಜ್ಯವು ಕ್ರಿ. ಪೂ. 364–363ರಲ್ಲಿ ವಿಚಾರಣೆಗೆ ಬಂದಿತು. ಆಗ ಅವನ ವಯಸ್ಸು ಇಪ್ಪತ್ತರ ಆಸುಪಾಸು. ಆಫೋಬಸನ ಮೇಲೆ ಅವನು ಮಾಡಿದ ಭಾಷಣಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಗರ್ಜನೆಯಿಲ್ಲ, ಲೆಕ್ಕವಿದೆ. ಇಷ್ಟು ಮಂದಿ ದಾಸರು, ಇಷ್ಟು ಆದಾಯ, ಇಷ್ಟು ದಂತ, ಇಷ್ಟು ಕಬ್ಬಿಣ, ಸಾಲಕ್ಕೆ ಕೊಟ್ಟದ್ದಿಷ್ಟು ಎಂದು ಒಂದೊಂದಾಗಿ ಪಂಚರ ಮುಂದಿಟ್ಟು ಇದೆಲ್ಲ ಎಲ್ಲಿ ಹೋಯಿತೆಂದು ಕೇಳುತ್ತಾನೆ. ಪಂಚರು ಅವನ ಪರವಾಗಿ ತೀರ್ಪಿತ್ತರು. ಆಫೋಬಸನು 10 ಟ್ಯಾಲೆಂಟುಗಳನ್ನು ಕೊಡಬೇಕೆಂದು ವಿಧಿಸಿದರು. ಆದರೆ ತೀರ್ಪು ಬೇರೆ, ಹಣ ಕೈಗೆ ಸೇರುವುದು ಬೇರೆ. ಆಫೋಬಸನ ಜಮೀನು ತನ್ನ ಸೋದರಿಯ ವರದಕ್ಷಿಣೆಗೆ ಆಧಾರವಾಗಿದೆಯೆಂದು ಅವನ ಭಾವಮೈದುನ ಒನೆಟರನು ಅಡ್ಡಬಂದನು. ಮತ್ತೆ ವ್ಯಾಜ್ಯ, ಮತ್ತೆ ಭಾಷಣ. ಪಿತ್ರಾರ್ಜಿತದಲ್ಲಿ ಅಲ್ಪಭಾಗವೂ ಮರಳಿ ಬರಲಿಲ್ಲವೆಂದೇ ಪ್ಲೂಟಾರ್ಕನು ಬರೆದಿದ್ದಾನೆ. ಹೊಟ್ಟೆಪಾಡಿಗಾಗಿ ಅವನು ಇತರರ ವ್ಯಾಜ್ಯಗಳಿಗೆ ಭಾಷಣಗಳನ್ನು ಬರೆದುಕೊಡುವ ವೃತ್ತಿಯನ್ನು ಹಿಡಿದನು.

ನ್ಯಾಯಸಭೆಯಲ್ಲಿ ಗೆದ್ದವನು ಜನಸಭೆಯಲ್ಲಿ ಸೋತನು. ಅಥೆನ್ಸಿನ ಪೌರರು ನೀಕ್ಸ್ ಎಂಬ ಗುಡ್ಡದ ಮೇಲೆ ಸಾವಿರಗಟ್ಟಲೆ ಸೇರಿ ರಾಜ್ಯದ ವಿಷಯಗಳನ್ನು ನಿರ್ಣಯಿಸುತ್ತಿದ್ದರು. ಮೇಲೆ ಬಯಲು ಆಕಾಶ, ಸುತ್ತ ಗಾಳಿ, ಮುಂದೆ ಗದ್ದಲ. ಡೆಮಾಸ್ತನೀಸನು ಅಲ್ಲಿ ಮೊದಲು ಎದ್ದು ನಿಂತಾಗ ಉದ್ದುದ್ದವಾದ ವಾಕ್ಯಗಳು ಒಂದರೊಳಗೊಂದು ಸಿಕ್ಕಿಕೊಂಡವು. ಗಿಡ್ಡ ಉಸಿರು ವಾಕ್ಯವನ್ನು ನಡುವೆಯೇ ಕಡಿಯಿತು. ಏನು ಹೇಳುತ್ತಿದ್ದಾನೆಂಬುದು ಯಾರಿಗೂ ತಿಳಿಯದಾಯಿತು. ಜನರು ನಕ್ಕರು, ಕೂಗಿದರು. ಅವನು ವೇದಿಕೆಯಿಂದಿಳಿದು ಪೈರೀಯಸ್ ಬಂದರಿನಲ್ಲಿ ದಿಕ್ಕುತೋಚದೆ ಅಲೆದಾಡುತ್ತಿದ್ದಾಗ ಯೂನೋಮಸನೆಂಬ ಮುದುಕನು ಕಂಡು ಗದರಿಸಿದನಂತೆ. ಮಹಾನಾಯಕ ಪೆರಿಕ್ಲೀಸನ ಮಾತಿನ ಧಾಟಿ ಇವನಲ್ಲಿದ್ದರೂ, ಅಂಜಿಕೆಯಿಂದಲೂ ಸೋಮಾರಿತನದಿಂದಲೂ ತನ್ನನ್ನು ತಾನೇ ಕೆಡಿಸಿಕೊಳ್ಳುತ್ತಿದ್ದಾನೆಂಬುದು ಆ ಮುದುಕನ ಆಕ್ಷೇಪ. ಎಳೆಯರು ಸೋತು ಬಂದಾಗ ಹಿರಿಯರು ಗದರುವ ಬಗೆ ಇದಾಗಿದ್ದರೆ ಎಷ್ಟು ಮಂದಿ ಉದ್ಧಾರವಾಗುತ್ತಿದ್ದರು!

ಮತ್ತೊಮ್ಮೆ ಸೋತು, ತಲೆಗೆ ಮುಸುಕು ಹಾಕಿಕೊಂಡು ಮನೆಗೆ ಮರಳುತ್ತಿದ್ದಾಗ ಪರಿಚಯದವನಾದ ಸ್ಯಾಟಿರಸನೆಂಬ ನಟನು ಹಿಂಬಾಲಿಸಿ ಬಂದನು. ಡೆಮಾಸ್ತನೀಸನು ತನ್ನ ದುಃಖವನ್ನೆಲ್ಲ ತೋಡಿಕೊಂಡನು. ವಾಗ್ಮಿಗಳಲ್ಲೆಲ್ಲ ಹೆಚ್ಚಾಗಿ ಶ್ರಮಿಸಿ ದೇಹವನ್ನೇ ಸವೆಸಿದ ತನಗೆ ಜನರ ಕಿವಿ ದೊರೆಯದು. ಕುಡುಕರಿಗೂ ನಾವಿಕರಿಗೂ ಪಾಮರರಿಗೂ ದೊರೆಯುತ್ತದೆ ಎಂಬುದು ಅವನ ಗೋಳು. ಸ್ಯಾಟಿರಸನು ಸಮಾಧಾನದ ಮಾತನ್ನಾಡಲಿಲ್ಲ. ಯೂರಿಪಿಡೀಸನದೋ ಸಾಫೊಕ್ಲೀಸನದೋ ನಾಟಕದ ಒಂದು ಭಾಗವನ್ನು ಬಾಯಿಪಾಠವಾಗಿ ಹೇಳೆಂದನು. ಇವನು ಹೇಳಿದನು. ಅನಂತರ ನಟನು ಅದೇ ಭಾಗವನ್ನು ಪಾತ್ರದ ಸ್ವಭಾವಕ್ಕೆ ತಕ್ಕ ಭಾವದಿಂದ, ತಕ್ಕ ನಿಲುವಿನಿಂದ ಹೇಳಿದನು. ಶಬ್ದಗಳು ಅವೇ, ಆದರೆ ಕೇಳಿದವನಿಗೆ ಅದು ಬೇರೆಯೇ ಪದ್ಯವಾಗಿ ಕೇಳಿಸಿತು. ಕಾಕುವಿನಿಂದ ಅರ್ಥವೇ ಬದಲಾಗುವುದೆಂದು ನಮ್ಮ ಅಲಂಕಾರಿಕರು ಹೇಳುತ್ತಾರೆ. ಭರತನು ವಾಚಿಕಾಭಿನಯಕ್ಕೆ ಅಷ್ಟು ವಿಸ್ತಾರವಾದ ಸ್ಥಾನವನ್ನು ಕೊಟ್ಟಿರುವುದೂ ಇದೇ ಕಾರಣಕ್ಕೆ. ಡೆಮಾಸ್ತನೀಸನಿಗೆ ಅಂದು ಆ ಶಾಸ್ತ್ರ ಪ್ರತ್ಯಕ್ಷವಾಯಿತು. ಮುಂದೊಮ್ಮೆ ವಾಗ್ಮಿತೆಯಲ್ಲಿ ಮೊದಲನೆಯದು ಯಾವುದೆಂದು ಕೇಳಿದವರಿಗೆ ನುಡಿಯುವ ಬಗೆಯೆಂದೂ, ಎರಡನೆಯದೂ ಮೂರನೆಯದೂ ಅದೇ ಎಂದೂ ಉತ್ತರಿಸಿದನೆಂಬ ಪ್ರತೀತಿಯ ಮೂಲ ಈ ದಾರಿಯ ಮಾತುಕತೆಯಲ್ಲಿದೆ.

ಅನಂತರ ಅವನು ನೆಲಮಾಳಿಗೆಯೊಂದನ್ನು ಸಿದ್ಧಪಡಿಸಿಕೊಂಡನು. ಪ್ರತಿದಿನವೂ ಅಲ್ಲಿಗೆ ಇಳಿದು ಧ್ವನಿಯನ್ನೂ ಅಂಗವಿನ್ಯಾಸವನ್ನೂ ಅಭ್ಯಾಸ ಮಾಡುವನು. ಎಷ್ಟೋ ಸಲ ಎರಡು ಮೂರು ತಿಂಗಳು ಒಂದೇ ಸಮನೆ ಅಲ್ಲಿಯೇ ಉಳಿಯುತ್ತಿದ್ದನು. ಹೊರಗೆ ಹೋಗುವ ಆಸೆ ಬಂದರೂ ನಾಚಿಕೆಯಿಂದ ಹೋಗಲಾಗದಿರಲೆಂದು ತಲೆಯ ಒಂದು ಪಕ್ಕವನ್ನು ಬೋಳಿಸಿಕೊಳ್ಳುತ್ತಿದ್ದನು. ಕಲ್ಲುಗಳ ವಿಷಯಕ್ಕೆ ಈಗ ಬರೋಣ. ಫೆಲೀರಮ್ಮಿನ ಡಿಮೀಟ್ರಿಯಸನು ಇದನ್ನು ಮುದಿವಯಸ್ಸಿನ ಡೆಮಾಸ್ತನೀಸನ ಬಾಯಿಂದಲೇ ಕೇಳಿದೆನೆಂದು ಹೇಳಿದ್ದನಾದುದರಿಂದ ನಂಬಲು ಅಡ್ಡಿಯಿಲ್ಲ. ನಾಲಗೆಯ ತೊಡಕನ್ನು ಬಿಡಿಸಲು ಬಾಯಲ್ಲಿ ಕಲ್ಲಿಟ್ಟುಕೊಂಡು ಉದ್ದದ ಪಾಠಗಳನ್ನು ಹೇಳುವುದು. ಉಸಿರನ್ನು ಬಲಪಡಿಸಲು ಓಡುತ್ತಲೋ ಏರನ್ನು ಹತ್ತುತ್ತಲೋ ಪದ್ಯಗಳನ್ನು ಒಂದೇ ಉಸಿರಿನಲ್ಲಿ ನುಡಿಯುವುದು. ದೊಡ್ಡ ಕನ್ನಡಿಯೆದುರು ನಿಂತು ಅಂಗಚೇಷ್ಟೆಗಳನ್ನು ತಿದ್ದಿಕೊಳ್ಳುವುದು. ಅಲೆಗಳ ಗದ್ದಲವನ್ನು ಜನಸಭೆಯ ಗದ್ದಲವೆಂದು ಭಾವಿಸಿ ಕಡಲತೀರದಲ್ಲಿ ಮಾತನಾಡಿದ್ದು, ಅನಗತ್ಯವಾಗಿ ಮೇಲೇಳುತ್ತಿದ್ದ ಹೆಗಲಿನ ಮೇಲೆ ಖಡ್ಗವನ್ನು ತೂಗುಹಾಕಿಕೊಂಡದ್ದು ಮುಂತಾದವು ಬೇರೆ ಲೇಖಕರಿಂದ ಬಂದ ಸಂಗತಿಗಳು. ಇವುಗಳಲ್ಲಿ ಒಂದೆರಡು ಹೆಚ್ಚು ಕಡಿಮೆ ಇರಬಹುದು.

ಇಷ್ಟರಿಂದ ಅವನು ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಮಾತನಾಡಬಲ್ಲ ನಿರ್ಭೀತನಾದನೆಂದು ತಿಳಿದರೆ ತಪ್ಪು. ಜನಸಭೆಯಲ್ಲಿ ಕುಳಿತಿರುವಾಗ ಜನರು ಹೆಸರು ಹಿಡಿದು ಕರೆದರೂ, ವಿಷಯವನ್ನು ಮೊದಲೇ ಚಿಂತಿಸದಿದ್ದರೆ ಅವನು ಏಳುತ್ತಿರಲಿಲ್ಲ. ಅವನ ವಾದಗಳಿಗೆ ದೀಪದ ಎಣ್ಣೆಯ ವಾಸನೆ ಬಡಿಯುತ್ತದೆಂದು ಪಿಥಿಯಸನೆಂಬವನು ಹಾಸ್ಯ ಮಾಡಿದಾಗ, ನಮ್ಮಿಬ್ಬರ ದೀಪಗಳೂ ರಾತ್ರಿ ಕಾಣುವ ಕೆಲಸಗಳು ಬೇರೆ ಬೇರೆಯೆಂದು ಇವನು ತಿರುಗೇಟು ಕೊಟ್ಟನು. ಸಿದ್ಧತೆಯನ್ನು ಕುರಿತು ಅವನಿಗೊಂದು ನಿಲುವಿತ್ತು. ಜನತಂತ್ರದಲ್ಲಿ ನಂಬಿಕೆಯುಳ್ಳವನು ಜನರ ಮುಂದೆ ಆಡುವ ಮಾತನ್ನು ಮೊದಲೇ ಅಣಿಗೊಳಿಸಿಕೊಳ್ಳುತ್ತಾನೆ, ಅದು ಜನರಿಗೆ ಸಲ್ಲಿಸುವ ಗೌರವ; ಬಹುಜನಕ್ಕೆ ತನ್ನ ಮಾತು ಹೇಗೆ ತೋರೀತೆಂಬ ಪರಿವೆಯಿಲ್ಲದವನು ಮಾತನ್ನಲ್ಲ, ಬಲಾತ್ಕಾರವನ್ನು ನೆಚ್ಚಿದವನು ಎಂಬುದೇ ಅದು. ಸ್ಪರ್ಧೆಗಳಲ್ಲಿ ಆಶುಭಾಷಣಕ್ಕೆ ಚಪ್ಪಾಳೆ ಹೆಚ್ಚು ಬೀಳುವುದನ್ನು ನೋಡಿದಾಗಲೆಲ್ಲ ನನಗೆ ಈ ವಿಚಾರ ನೆನಪಿಗೆ ಬರುತ್ತದೆ.

ಜನಸಭೆಯಲ್ಲಿ ಅವನು ಮಾಡಿದ, ಇಂದಿಗೆ ಉಳಿದು ಬಂದಿರುವ ಮೊದಲ ಭಾಷಣ ಕ್ರಿ. ಪೂ. 354ರದು. ಆಗ ಅವನಿಗೆ ಮೂವತ್ತು. ಮೂರು ವರ್ಷಗಳ ಅನಂತರ ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಮೇಲೆ ಮೊದಲ ಭಾಷಣವನ್ನು ಮಾಡಿದನು. ಉತ್ತರದ ಗ್ರೀಕ್ ನಗರಗಳನ್ನು ಒಂದೊಂದಾಗಿ ನುಂಗುತ್ತ ಬರುತ್ತಿದ್ದ ಆ ದೊರೆಯಿಂದ ಅಥೆನ್ಸಿನ ಸ್ವಾತಂತ್ರ್ಯಕ್ಕೆ ಒದಗಲಿದ್ದ ಆಪತ್ತನ್ನು ಅವನು ವರ್ಷವರ್ಷವೂ ಎಚ್ಚರಿಸಿದನು. ಬಾಲ್ಯದಲ್ಲಿ ಮನೆಯ ಆಸ್ತಿ ಕಣ್ಣೆದುರಿಗೇ ಕರಗಿದ್ದನ್ನು ಕಂಡವನಿಗೆ ನಾಡು ಕರಗುವುದೂ ಇತರರಿಗಿಂತ ಬೇಗ ಕಂಡಿತೋ ಏನೋ.

ಕ್ರಿ. ಪೂ. 346ರಲ್ಲಿ ಸಂಧಿಗಾಗಿ ಹತ್ತು ಮಂದಿ ರಾಯಭಾರಿಗಳು ಫಿಲಿಪ್ಪನ ಬಳಿಗೆ ಹೋದರು. ಅವರಲ್ಲಿ ಡೆಮಾಸ್ತನೀಸನೂ ಒಬ್ಬನು. ಅವನ ಸರದಿ ಬಂದಾಗ ಎಲ್ಲರ ಕಿವಿಯೂ ನೆಟ್ಟಗಾಯಿತು. ಪೀಠಿಕೆಯ ನಾಲ್ಕು ಮಾತುಗಳಾಗುತ್ತಲೆ ಅವನು ತಡವರಿಸಿದನು, ಮೌನವಾದನು. ಧೈರ್ಯ ತಂದುಕೋ, ನೆನಪಿಸಿಕೊಂಡು ಹೇಳೆಂದು ಫಿಲಿಪ್ಪನೇ ಸಾಂತ್ವನಗೊಳಿಸಿದನು. ಮತ್ತೆ ಪ್ರಯತ್ನಿಸಿದನು, ಮತ್ತೆ ನಿಂತುಹೋಯಿತು. ಇದನ್ನು ಹೇಳುವವನು ಅವನ ಪರಮ ಪ್ರತಿಸ್ಪರ್ಧಿ ಈಸ್ಕಿನೀಸನಾದ್ದರಿಂದ ಉಪ್ಪುಕಾರ ಹಚ್ಚಿರಬಹುದು. ಆದರೂ ನಡೆದಿರಬಹುದೆಂದೇ ನನ್ನ ಅಭಿಪ್ರಾಯ. ಹತ್ತಿಪ್ಪತ್ತು ವರ್ಷ ಪಳಗಿಸಿದ ನಾಲಗೆಯೂ ಒಂದು ದಿನ ಹಿಂದಿನ ಬಾಲಕನ ನಾಲಗೆಯಾಗಬಲ್ಲದು. ಗಮನಿಸಬೇಕಾದುದೆಂದರೆ, ಊರಿಗೆ ಮರಳಿದವನು ಬಾಯಿ ಮುಚ್ಚಿ ಕುಳಿತುಕೊಳ್ಳಲಿಲ್ಲ. ಅವನ ಅತ್ಯುತ್ತಮ ಭಾಷಣಗಳು ಈ ಸೋಲಿನ ಅನಂತರವೇ ಬಂದವು.

ಕ್ರಿ. ಪೂ. 338ರಲ್ಲಿ ಕೀರೋನಿಯದ ಯುದ್ಧದಲ್ಲಿ ಅಥೆನ್ಸ್ ಸೋತಿತು. ಯುದ್ಧಕ್ಕೆ ಪ್ರೇರೇಪಿಸಿದವನು ಇವನೇ ಆಗಿದ್ದರೂ ಮಡಿದವರ ಗುಣಗಾನ ಮಾಡಲು ಪೌರರು ಇವನನ್ನೇ ಆರಿಸಿದರು. ದೇಶಸೇವೆಗಾಗಿ ಇವನಿಗೆ ಚಿನ್ನದ ಕಿರೀಟವನ್ನು ತೊಡಿಸಬೇಕೆಂದು ಟೆಸಿಫಾನನು ಸೂಚಿಸಿದಾಗ ಈಸ್ಕಿನೀಸನು ಅದು ಕಾನೂನಿಗೆ ವಿರುದ್ಧವೆಂದು ದಾವೆ ಹೂಡಿದನು. ಈ ಈಸ್ಕಿನೀಸನು ಹಿಂದೆ ನಟನಾಗಿದ್ದವನು. ಹುಟ್ಟಿನಿಂದಲೇ ಗಂಭೀರವಾದ ಕಂಠ ಅವನದು. ಕ್ರಿ. ಪೂ. 330ರಲ್ಲಿ ನಡೆದ ವಿಚಾರಣೆಯಲ್ಲಿ ದೈವದತ್ತ ಕಂಠಕ್ಕೂ ನೆಲಮಾಳಿಗೆಯಲ್ಲಿ ದುಡಿದ ಕಂಠಕ್ಕೂ ಸ್ಪರ್ಧೆಯಾಯಿತು. ಸೋಲು ನಿಶ್ಚಿತವೆಂದು ಮೊದಲೇ ತಿಳಿದಿದ್ದರೂ ಅಥೆನ್ಸ್ ತನ್ನ ಹಿರಿಯರ ಕೀರ್ತಿಗೆ ತಕ್ಕಂತೆ ಹೋರಾಡದೆ ಇರಬಾರದಿತ್ತೆಂದು ಡೆಮಾಸ್ತನೀಸನು ವಾದಿಸಿದನು. ಈಸ್ಕಿನೀಸನಿಗೆ ಪಂಚರ ಐದನೆಯ ಒಂದು ಭಾಗ ಮತವೂ ಬೀಳಲಿಲ್ಲ. ಅವನು ಊರು ಬಿಟ್ಟು ರೋಡ್ಸ್ ದ್ವೀಪವನ್ನು ಸೇರಿ ಅಲ್ಲಿ ವಾಗ್ವಿದ್ಯೆಯ ಶಾಲೆಯನ್ನು ತೆರೆದನು. ಅಲ್ಲಿಯ ಜನರ ಮುಂದೆ ತನ್ನನ್ನು ಸೋಲಿಸಿದ ಭಾಷಣವನ್ನು ಓದಿ, ಅವರು ಬೆರಗಾದಾಗ, ಅವನ ಬಾಯಿಂದಲೇ ಕೇಳಿದ್ದರೆ ಇನ್ನೆಷ್ಟು ಬೆರಗಾಗುತ್ತಿದ್ದಿರೋ ಎಂದನಂತೆ. ಸೋತವನ ಈ ಹೊಗಳಿಕೆ ಕಿರೀಟಕ್ಕಿಂತ ದೊಡ್ಡದು.

ಅವನ ಬಾಳು ಕಳಂಕರಹಿತವಾಗಿತ್ತೆನ್ನಲಾಗದು. ಕ್ರಿ. ಪೂ. 324ರಲ್ಲಿ ಅಲೆಗ್ಸಾಂಡರನ ಕೋಶಾಧಿಕಾರಿ ಹಾರ್ಪಲಸನು ಹಣದೊಡನೆ ಓಡಿಬಂದಾಗ, ಅದರಲ್ಲಿ ಪಾಲು ಪಡೆದನೆಂಬ ಆರೋಪ ಇವನ ಮೇಲೆ ಬಂದಿತು. ನ್ಯಾಯಸಭೆ 50 ಟ್ಯಾಲೆಂಟು ದಂಡ ವಿಧಿಸಿತು, ತೆರಲಾರದೆ ದೇಶಭ್ರಷ್ಟನಾದನು. ಮರುವರ್ಷ ಅಲೆಗ್ಸಾಂಡರನು ತೀರಿಕೊಂಡಾಗ ಅಥೆನ್ಸ್ ಮತ್ತೆ ಬಂಡೆದ್ದು ಇವನನ್ನು ಗೌರವದಿಂದ ಕರೆಯಿಸಿಕೊಂಡಿತು. ಆ ಬಂಡಾಯವೂ ಮುರಿಯಿತು. ಗೆದ್ದ ಆಂಟಿಪೇಟರನು ವಾಗ್ಮಿಗಳನ್ನು ಬೇಟೆಯಾಡಿದನು. ಹೈಪರೈಡೀಸನೆಂಬ ವಾಗ್ಮಿಯನ್ನು ಕೊಲ್ಲುವಾಗ ಅವನ ನಾಲಗೆಯನ್ನೂ ಕತ್ತರಿಸಿದರೆಂದು ಹೇಳುತ್ತಾರೆ.

ಡೆಮಾಸ್ತನೀಸನು ಕಲೌರಿಯ ದ್ವೀಪದ ಪೊಸೈಡನ್ ದೇವಾಲಯದಲ್ಲಿ ಆಶ್ರಯ ಪಡೆದನು. ಅಟ್ಟಿಸಿಕೊಂಡು ಬಂದ ಆರ್ಕಿಯಸನೂ ಹಿಂದೆ ನಟನಾಗಿದ್ದವನೇ. ಹಿಂದಿನ ರಾತ್ರಿ ಡೆಮಾಸ್ತನೀಸನಿಗೊಂದು ಕನಸು ಬಿದ್ದಿತ್ತು. ಕನಸಿನಲ್ಲಿ ಅವನು ರಂಗದ ಮೇಲೆ ಆರ್ಕಿಯಸನೊಡನೆ ಸ್ಪರ್ಧಿಸುತ್ತಿದ್ದನು. ಚೆನ್ನಾಗಿಯೇ ಅಭಿನಯಿಸಿ ಪ್ರೇಕ್ಷಕರನ್ನು ಒಲಿಸಿಕೊಂಡರೂ, ಸಾಧನ ಸಾಮಗ್ರಿ ಸಾಲದೆ ಸೋತನು. ಬೆಳಗಾದ ಮೇಲೆ ಆರ್ಕಿಯಸನು ಬಂದು, ಯಾವ ಅಪಾಯವೂ ಇಲ್ಲ, ಹೊರಗೆ ಬಾ ಎಂದು ಮಧುರವಾಗಿ ಕರೆದನು. ಹಿಂದೆ ರಂಗದ ಮೇಲೆ ನಿನ್ನ ನಟನೆ ನನ್ನನ್ನು ನಂಬಿಸಲಿಲ್ಲ, ಈಗ ನಿನ್ನ ಭರವಸೆಯೂ ನಂಬಿಸಲಾರದು ಎಂಬ ಅರ್ಥದ ಉತ್ತರವನ್ನು ಇವನು ಕುಳಿತಲ್ಲಿಂದಲೇ ಕೊಟ್ಟನು. ನಟನು ಸಿಟ್ಟಾಗಿ ಬೆದರಿಸತೊಡಗಿದಾಗ, ಮನೆಯವರಿಗೊಂದು ಓಲೆ ಬರೆಯುವಷ್ಟು ಕಾಲ ಕೊಡೆಂದು ಕೇಳಿ ಒಳಗೆ ಸರಿದನು. ಬರೆಯುವ ಮುನ್ನ ಚಿಂತಿಸುವಾಗ ಲೇಖನಿಯ ತುದಿಯನ್ನು ಕಚ್ಚುವುದು ಅವನ ಅಭ್ಯಾಸ. ಅಂದೂ ಹಾಗೆಯೇ ಕಚ್ಚಿಕೊಂಡು ಕುಳಿತನು. ಆ ತುದಿಯಲ್ಲಿ ವಿಷವಿತ್ತು. ಬಾಗಿಲಲ್ಲಿದ್ದ ಸೈನಿಕರು ಹೇಡಿಯೆಂದು ನಗುತ್ತಿದ್ದರು. ವಿಷವೇರಿದುದನ್ನು ತಿಳಿದು, ದೇವಾಲಯವು ಶವದಿಂದ ಮೈಲಿಗೆಯಾಗಬಾರದೆಂದು ನಡುಗುತ್ತ ಎದ್ದು ಹೊರಗೆ ನಡೆದನು. ಬಲಿಪೀಠವನ್ನು ದಾಟುತ್ತಲೆ ಕುಸಿದನು. ಅದು ಕ್ರಿ. ಪೂ. 322, ಅವನ ವಯಸ್ಸು 62.

ಸುಮಾರು ನಲವತ್ತು ವರ್ಷಗಳ ಮೇಲೆ ಅಥೆನ್ಸಿನ ಪೌರರು ನಗರದ ಚೌಕದಲ್ಲಿ ಅವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಮೂಲ ಪ್ರತಿಮೆ ಉಳಿದಿಲ್ಲ. ಅದರ ಅಮೃತಶಿಲೆಯ ಪ್ರತಿಗಳು ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ. ಶಿಲ್ಪಿ ಪಾಲಿಯೂಕ್ಟಸನು ಅವನನ್ನು ಕೈಯೆತ್ತಿ ಭಾಷಣ ಮಾಡುವವನಂತೆ ತೋರಿಸಲಿಲ್ಲ. ಹುಬ್ಬು ಗಂಟಿಕ್ಕಿ, ಬೆರಳುಗಳನ್ನು ಒಂದಕ್ಕೊಂದು ಹೆಣೆದು ಕೈಗಳನ್ನು ಮುಂದೆ ಇಳಿಬಿಟ್ಟುಕೊಂಡು, ತುಟಿ ಮುಚ್ಚಿ, ಇನ್ನೇನು ಮಾತನಾಡಲು ಏಳಬೇಕೆಂದು ಮನಸ್ಸಿನಲ್ಲೇ ಅಣಿಯಾಗುತ್ತಿರುವವನಂತೆ ಅವನು ನಿಂತಿದ್ದಾನೆ.